ಸಾಹೇಬರ ಕೈಗುಣ

ಕೆಲವು ಡಾಕ್ಟರರ ಕೈಗುಣ ಚೆನ್ನಾಗಿರುತ್ತದೆ. ಅವರು ನಾಡಿ ಹಿಡಿದರೆ ಸಾಕು, ಮಲಗಿದ್ದ ರೋಗಿ ಎದ್ದು ಕೂತು ಚಹಾ ಕೇಳುತ್ತಾನೆ. ಪೊಲೀಸರಲ್ಲಿಯೂ ಅಂಥವರಿದ್ದಾರೆ. ವಿ.ವಿ. ಲಕ್ಷ್ಮೀನಾರಾಯಣ ಅಂತ ಒಬ್ಬ ಐಪಿಎಸ್ ಅಧಿಕಾರಿ. ಸಿಬಿಐನ ಹೈದರಾಬಾದ್ ಕಚೇರಿಯಲ್ಲಿ ಜಾಯಿಂಟ್ ಡೈರೆಕ್ಟರ್ ಆಗಿದ್ದವರು. 2011ರ ಸೆಪ್ಟೆಂಬರ್ 5ರಂದು ಅವರ ತಂಡ ಬಳ್ಳಾರಿಗೆ ಬಂದು ಓಬಳಾಪುರಂ ಗಣಿ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿಯವರನ್ನು ಹಿಡಿಯಿತು. ಮರುವರ್ಷ ಮೇ 27ರಂದು ಜಗನ್‌ಮೋಹನ ರೆಡ್ಡಿಯವರನ್ನು ಹಿಡಿಯಿತು. ಆಮೇಲೆ ನೋಡಿ ಕೈಗುಣ! ಎರಡನೆಯವರು 2019ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ಮೊದಲನೆಯವರು 2023ರಲ್ಲಿ ನಮ್ಮ ಗಂಗಾವತಿಯ ಶಾಸಕರಾದರು. ಇವರು ಅದಕ್ಕೆ ಮುಂಚೆ ವಿಧಾನ ಪರಿಷತ್ತಿನ ಬಾಗಿಲಿನಿಂದ ಒಳಬಂದು ಮಂತ್ರಿಯಾಗಿದ್ದವರು. ಜನರೇ ಗುಂಡಿ ಒತ್ತಿ ವಿಧಾನಸಭೆಗೆ ಕಳಿಸಿದ್ದು ಸಿಬಿಐ ಕೈ ತಾಗಿದ ನಂತರವೇ.

ಇಷ್ಟು ಒಳ್ಳೆಯ ಕೈಯನ್ನು ಬೇರೆಯವರಿಗೇ ಯಾಕೆ ಸವೆಸಬೇಕು, ತಾವೇ ಯಾಕೆ ನಿಲ್ಲಬಾರದು ಅಂತ ಸಾಹೇಬರಿಗೂ ಅನ್ನಿಸಿತು. 2018ರಲ್ಲಿ ಸ್ವಯಂ ನಿವೃತ್ತಿ ಪಡೆದರು. 2019ರ ಮಾರ್ಚಿನಲ್ಲಿ ಪವನ್ ಕಲ್ಯಾಣರ ಜನಸೇನಾ ಸೇರಿ ವಿಶಾಖಪಟ್ಟಣದಿಂದ ಲೋಕಸಭೆಗೆ ನಿಂತರು. ಪ್ರಣಾಳಿಕೆಯನ್ನು ಬಾಂಡ್ ಪೇಪರಿನ ಮೇಲೆ ಬರೆದು ಸಹಿ ಹಾಕಿ, ಮಾತಿಗೆ ತಪ್ಪಿದರೆ ನನ್ನನ್ನು ಕೋರ್ಟಿಗೆ ಎಳೆಯಿರಿ ಅಂದರು. ಮತದಾರರು ಬಾಂಡ್ ಓದಿ ಮೂರನೇ ಸ್ಥಾನ ಕೊಟ್ಟರು. ಅದೇ ಚುನಾವಣೆಯಲ್ಲಿ, ಅದೇ ರಾಜ್ಯದಲ್ಲಿ, ಅವರು ಹಿಡಿದವರು ಮುಖ್ಯಮಂತ್ರಿಯಾದರು. ಪವನ್ ಕಲ್ಯಾಣ್ ಮತ್ತೆ ಸಿನಿಮಾಕ್ಕೆ ಹೋದರು ಅಂತ ಬೇಸರಪಟ್ಟು 2020ರ ಜನವರಿಯಲ್ಲಿ ಸಾಹೇಬರು ಪಕ್ಷ ಬಿಟ್ಟರು. 2023ರ ಡಿಸೆಂಬರಿನಲ್ಲಿ ಜೈ ಭಾರತ್ ನ್ಯಾಷನಲ್ ಪಾರ್ಟಿ ಅಂತ ತಮ್ಮದೇ ಪಕ್ಷ ಕಟ್ಟಿದರು. 2024ರಲ್ಲಿ ವಿಶಾಖಪಟ್ಟಣ ಉತ್ತರದಿಂದ ನಿಂತು ಠೇವಣಿ ಕಳೆದುಕೊಂಡರು.

ಗಂಗಾವತಿಯವರೂ ಪಕ್ಷ ಕಟ್ಟಿದ್ದರಲ್ಲ! 2022ರ ಡಿಸೆಂಬರ್ 25ರಂದು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ, ಗುರುತು ಫುಟ್‌ಬಾಲ್. ಬಳ್ಳಾರಿಗೆ ಕಾಲಿಡಬಾರದು ಅಂತ ಸುಪ್ರೀಂ ಕೋರ್ಟಿನ ಜಾಮೀನು ಷರತ್ತು ಇತ್ತು. ಹೊಳೆ ದಾಟಿದರೆ ಗಂಗಾವತಿ. ಅಲ್ಲೊಂದು ಮನೆ ಕೊಂಡು, ಗೃಹಪ್ರವೇಶ ಮಾಡಿ, ವೋಟರ್ ಲಿಸ್ಟಿಗೆ ಹೆಸರು ಹಚ್ಚಿಸಿದರು. ಐದು ತಿಂಗಳಿಗೆ ಎಂಟು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಇಡೀ ಪಕ್ಷದಿಂದ ಗೆದ್ದವರು ಅವರೊಬ್ಬರೇ. ಮುಂದಿನ ಮಾರ್ಚಿನಲ್ಲಿ ಪಕ್ಷವನ್ನು ಬಿಜೆಪಿಯೊಳಗೆ ವಿಲೀನ ಮಾಡಿ ಫುಟ್‌ಬಾಲಿನ ಗಾಳಿ ಬಿಟ್ಟರು. ಇನ್ನೊಂದು ಮಾತು ಮರೆಯಬಾರದು. ಜನಾರ್ದನ ರೆಡ್ಡಿ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಮಗ. ಅಂದರೆ ಈ ಪಂದ್ಯದಲ್ಲಿ ಖಾಕಿ ಎರಡೂ ಕಡೆ ಇತ್ತು. ಒಂದು ಕಡೆ ದಿಲ್ಲಿಯಲ್ಲಿ ಇಸ್ತ್ರಿಯಾದ ಖಾಕಿ, ಇನ್ನೊಂದು ಕಡೆ ಬಳ್ಳಾರಿಯ ಬಿಸಿಲಿಗೆ ಬಣ್ಣ ಬಿಟ್ಟ ಖಾಕಿ.

ಹಿಡಿದವರು ಸೋತರು, ಹಿಡಿಸಿಕೊಂಡವರು ಗೆದ್ದರು. ರಾಜ್ಯಶಾಸ್ತ್ರದ ಪ್ರೊಫೆಸರರು ಇದಕ್ಕೆ ಜಾತಿ, ಹಣ, ಅನುಕಂಪ ಅಂತ ಕಾರಣ ಕೊಡುತ್ತಾರೆ. ಎಲ್ಲವೂ ಇರಬಹುದು. ಆದರೆ ಕುಷ್ಟಗಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ತಿನ್ನುತ್ತಿದ್ದ ಒಬ್ಬ ಕಾಕಾ ಒಂದೇ ಮಾತಿನಲ್ಲಿ ಮುಗಿಸಿದರು: "ತಮ್ಮಾ, ಹಿಡಿಯೋರಿಗೆ ಯಾರಾರ ಓಟ್ ಹಾಕ್ತಾರೇನು? ಬಿಡಿಸೋರಿಗೆ ಹಾಕ್ತಾರ."

ಕಾಕಾ ಮಿರ್ಚಿ ಮುಗಿಸಿ ಬಸ್ ಹತ್ತಿದರು. ನಾನು ಮಾತ್ರ ಆ ಮಾತಿಗೇ ಸಿಕ್ಕಿಬಿದ್ದೆ.

ಯಲಬುರ್ಗಾ ಕಡೆಯ ಒಬ್ಬ ರೈತನ ಬೋರಿನ ಮೋಟರ್ ಕೇಬಲ್ ರಾತ್ರೋರಾತ್ರಿ ಕಳುವಾಯಿತು ಅಂತ ಇಟ್ಟುಕೊಳ್ಳಿ. ಇಟ್ಟುಕೊಳ್ಳುವುದೇನು, ಆಗುತ್ತಲೇ ಇರುತ್ತದೆ. ತಾಮ್ರಕ್ಕೆ ರೇಟು ಇದೆ, ದೂರಿಗೆ ಇಲ್ಲ. ಯಾವುದೋ ಒಂದು ಸ್ಟೇಷನ್, ಹೆಸರು ಬೇಡ. ಒಳಗೆ ಹೋದರೆ ಮೊದಲು ಕಾಣುವುದು ರೈಟರ್ ಸಾಹೇಬರು.

"ಏನಪಾ?"

"ಕೇಬಲ್ ಹೋಗೈತ್ರಿ ಸಾಹೇಬ್ರ."

"ಎಷ್ಟು?"

"ಇನ್ನೂರು ಫೂಟ್ ಆದೀತ್ರಿ."

"ಬಿಲ್ಲೈತೇನು?"

"ಅಪ್ಪ ಇದ್ದಾಗ ತಂದಿದ್ದು ರೀ…"

"ಅಪ್ಪನ್ನ ಕರ್ಕೊಂಡ್ ಬಾ."

"ಅಪ್ಪ ತೀರಿಕೊಂಡಾನ್ರಿ."

"ಹಾಳಿ ತಂದೀಯೇನು? ಎದುರಿಗೆ ಝೆರಾಕ್ಸ್ ಅಂಗಡಿ ಐತಿ. ಎರಡು ಬಿಳಿ ಹಾಳಿ, ಒಂದು ಕಾರ್ಬನ್ ತಗೋ. ಅರ್ಜಿ ಅಲ್ಲೇ ಬರಸು, ಅವಂಗ ಗೊತ್ತೈತಿ."

ಅರ್ಜಿ ಬರೆಸಿಕೊಂಡು ಬಂದರೆ ಪಿಎಸ್‌ಐ ಸಾಹೇಬರು ರೌಂಡ್ಸಿಗೆ ಹೋಗಿದ್ದಾರೆ. ಮರುದಿನ ಬಂದೋಬಸ್ತಿಗೆ ಹೋಗಿದ್ದಾರೆ. ಅದರ ಮರುದಿನ ಕೋರ್ಟಿಗೆ. ಸಂಜ್ಞೇಯ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಹೇಳಿದೆ. ಆ ತೀರ್ಪೂ ರೌಂಡ್ಸಿಗೆ ಹೋಗಿರಬೇಕು, ಇನ್ನೂ ಬಂದಿಲ್ಲ. ಕೊನೆಗೆ ರೈತ ಊರಿನ ಲೀಡರನ್ನು ಹಿಡಿದು, ಲೀಡರು ಪಿಎಯನ್ನು ಹಿಡಿದು, ಪಿಎ ಒಂದು ಫೋನ್ ಮಾಡುತ್ತಾನೆ: "ನಮ್ಮ ಹುಡುಗ ಅದಾನ್ರಿ, ಸ್ವಲ್ಪ ನೋಡ್ರಿ." ಅಷ್ಟೇ. ರೈತ ನಾಲ್ಕನೇ ಸಲ ಹೋದಾಗ ಅವನಿಗೆ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಅರ್ಧ ಕಪ್ ಚಹಾ ಬರುತ್ತದೆ. ಬಿಲ್ಲಿನ ಮಾತು ಯಾರೂ ಎತ್ತುವುದಿಲ್ಲ. ಕೇಬಲ್ ಮಾತ್ರ ಬರುವುದಿಲ್ಲ, ಅದು ಯಾವಾಗಲೋ ಸುಟ್ಟು ತಾಮ್ರವಾಗಿ ತೂಕಕ್ಕೆ ಹೋಗಿದೆ. ಆದರೂ ಆತ ಖುಷಿಯಿಂದ ಮನೆಗೆ ಬರುತ್ತಾನೆ. ಮೂರು ಸಲ ನಿಂತುಕೊಂಡು ಮಾತಾಡಿದವನು ನಾಲ್ಕನೇ ಸಲ ಕೂತು ಮಾತಾಡಿದ್ದಾನೆ. ಐದು ವರ್ಷಕ್ಕೊಮ್ಮೆ ಅವನು ಓಟು ಹಾಕುವುದು ಆ ಕುರ್ಚಿಗೆ.

ಇಂಥವನ ಮುಂದೆ ನಿವೃತ್ತ ಐಪಿಎಸ್ ಸಾಹೇಬರೊಬ್ಬರು ಬಂದು, ಗೆಲ್ಲಿಸಿದರೆ ಪೊಲೀಸ್ ಠಾಣೆಯಲ್ಲಿ ರಾಜಕೀಯ ಹಸ್ತಕ್ಷೇಪ ನಿಲ್ಲಿಸುತ್ತೇನೆ ಅನ್ನುತ್ತಾರೆ. ರೈತನಿಗೆ ಕೇಳಿಸುವುದು, ಗೆದ್ದ ಮೇಲೆ ನಾನು ಫೋನ್ ಮಾಡುವುದಿಲ್ಲ ಅಂತ. ಫೋನ್ ಮಾಡದ ಶಾಸಕನನ್ನು ತೆಗೆದುಕೊಂಡು ಏನು ಮಾಡಬೇಕು, ಮಾಡದಲ್ಲಿ ಇಡಬೇಕೇ? ಇನ್ನೂ ಒಂದು ಸಂಶಯ ಅವನಿಗೆ ಬರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ. ಮೂವತ್ತು ವರ್ಷ ಅದೇ ಠಾಣೆಗಳು ನಿಮ್ಮ ಕೈಕೆಳಗೇ ಇದ್ದವಲ್ಲ ಸಾಹೇಬರೇ, ಆಗ ನನ್ನ ಕುರ್ಚಿ ಎಲ್ಲಿತ್ತು?

ಹೊಳೆಯಾಚೆಯ ಕೂಡ್ಲಿಗಿಯಲ್ಲಿ ಡಿವೈಎಸ್‌ಪಿ ಆಗಿದ್ದ ಅನುಪಮಾ ಶೆಣೈಯವರದು ಇದರ ತಿರುಗುಮುರುಗು ಕಥೆ. 2016ರಲ್ಲಿ ಆಗಿನ ಕಾರ್ಮಿಕ ಸಚಿವ ಪಿ.ಟಿ. ಪರಮೇಶ್ವರ ನಾಯ್ಕರ ಫೋನ್ ಬಂದಾಗ ಅವರು ಅದನ್ನು ಹೋಲ್ಡಿಗೆ ಹಾಕಿದರಂತೆ. ಇಂಡಿಗೆ ವರ್ಗವಾಯಿತು. ವರ್ಗ ಮಾಡಿಸಿದ್ದು ತಾವೇ ಅಂತ ಸಚಿವರು ಹೇಳಿಕೊಂಡ ವಿಡಿಯೊ ಊರೆಲ್ಲ ತಿರುಗಿತು, ಗದ್ದಲವಾಯಿತು, ವರ್ಗ ರದ್ದಾಯಿತು. ಆ ಜೂನಿನಲ್ಲಿ ಮದ್ಯದಂಗಡಿಯ ಜಗಳವೊಂದರ ಬೆನ್ನಿಗೆ ಅವರೇ ರಾಜೀನಾಮೆ ಕೊಟ್ಟರು. ಜನ ಹಾಡಿ ಹೊಗಳಿದರು. ಮುಂದಿನ ವರ್ಷ ಭಾರತೀಯ ಜನಶಕ್ತಿ ಕಾಂಗ್ರೆಸ್ ಅಂತ ಪಕ್ಷ ಕಟ್ಟಿದರು, ಬೆಂಡೆಕಾಯಿ ಗುರುತು ಸಿಕ್ಕಿತು. 2018ರಲ್ಲಿ ಕಾಪುವಿನಲ್ಲಿ ನಿಂತರು, ಠೇವಣಿ ಉಳಿಯಲಿಲ್ಲ. ಹೊಗಳಿದವರೆಲ್ಲ ಓಟು ಹಾಕಿದ್ದರೆ ಮುಖ್ಯಮಂತ್ರಿಯೇ ಆಗಬೇಕಿತ್ತು. ಮಂತ್ರಿಯ ಫೋನನ್ನೇ ಹೋಲ್ಡಿಗೆ ಹಾಕುವ ಅಧಿಕಾರಿ ಟೀವಿಯಲ್ಲಿ ಚೆಂದ. ನಮ್ಮ ಕೆಲಸಕ್ಕೆ ಮಂತ್ರಿ ಫೋನ್ ಮಾಡುವಾಗ ಆ ಕಡೆ ಅಂಥವರು ಇರಬಾರದು. ನಾವು ಪ್ರಾಮಾಣಿಕ ಅಧಿಕಾರಿಗಳನ್ನು ಪಕ್ಕದ ತಾಲ್ಲೂಕಿಗೆ ಹಾರೈಸುವ ಜನ.

ಹಾಗಂತ ಪೊಲೀಸರು ಗೆದ್ದೇ ಇಲ್ಲವೇ? ಗೆದ್ದಿದ್ದಾರೆ, ಸ್ವಲ್ಪ ಕೆಳಗಿನ ರ್‍ಯಾಂಕಿನವರು ಹೆಚ್ಚು. ಅಲ್ಲಿ ನಮ್ಮ ಕೊಪ್ಪಳಕ್ಕೇ ಸಂಬಂಧವಿದೆ. 2020-21ರ ಹೊತ್ತಿಗೆ ಜಿಲ್ಲೆಯ ಉಸ್ತುವಾರಿ ನೋಡಿಕೊಂಡವರು ಆಗಿನ ಕೃಷಿ ಸಚಿವ ಬಿ.ಸಿ. ಪಾಟೀಲರು. ಪಿಎಸ್‌ಐ ಆಗಿ ಶುರುಮಾಡಿ, ಇನ್‌ಸ್ಪೆಕ್ಟರ್ ಆಗಿ, ಜೊತೆಜೊತೆಗೇ ಸಿನಿಮಾ ಮಾಡಿ, 1998ರ 'ಕೌರವ' ಚಿತ್ರದಿಂದ ಕೌರವ ಅಂತಲೇ ಹೆಸರು ಮಾಡಿದವರು. 2004ರಲ್ಲಿ ಹಿರೇಕೆರೂರಿನಿಂದ ಜನತಾದಳದ ಶಾಸಕ, ನಂತರ ಕಾಂಗ್ರೆಸ್ ಶಾಸಕ, 2019ರ ಉಪಚುನಾವಣೆಯಲ್ಲಿ ಬಿಜೆಪಿ ಶಾಸಕ. ಕ್ಷೇತ್ರ ಅದೇ, ಚಿಹ್ನೆ ಮಾತ್ರ ಡ್ಯೂಟಿ ಬದಲಾದ ಹಾಗೆ ಬದಲಾಗುತ್ತಿತ್ತು. ಇನ್‌ಸ್ಪೆಕ್ಟರ್ ಆದವನಿಗೆ ಫೋನು ಎಲ್ಲಿಂದ ಬರುತ್ತದೆ, ಬಂದಾಗ ಎದೆಯೊಳಗೆ ಏನಾಗುತ್ತದೆ, ಯಾವ ದನಿಗೆ ಎದ್ದು ನಿಲ್ಲಬೇಕು, ಯಾವ ದನಿಗೆ ಕೂತೇ ಹ್ಞೂಂ ಅಂದರೆ ಸಾಕು ಎಲ್ಲ ಗೊತ್ತಿರುತ್ತದೆ. ಆ ವಿದ್ಯೆಯನ್ನು ತಿರುಗಿಸಿ ಹಿಡಿದರೆ ಅದೇ ರಾಜಕೀಯ.

ಖಾಕಿ ಕಳಚಿದರೂ ಖಾಕಿಯ ಕಣ್ಣು ಕಳಚುವುದಿಲ್ಲ ಅನ್ನುವುದೂ ಅವರಿಂದಲೇ ಕಲಿಯಬೇಕಾದ ಪಾಠ. 2020ರ ಡಿಸೆಂಬರಿನಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಮಾತಾಡುತ್ತ, ಆತ್ಮಹತ್ಯೆ ಮಾಡಿಕೊಳ್ಳುವ ರೈತರು ಹೇಡಿಗಳು ಅಂದರು, ಕೃಷಿ ಸಚಿವರು. ಠಾಣೆಯಲ್ಲಿ ಅಸಹಜ ಸಾವಿನ ಕಾಗದ ಬರೆದು ಬರೆದು ಹೀಗಾಗುತ್ತದೆಯೋ ಏನೋ, ಸತ್ತವನದೇ ತಪ್ಪು ಅಂತ ಶರಾ ಬರೆದುಬಿಟ್ಟರೆ ಫೈಲು ಮುಚ್ಚುತ್ತದೆ. ಮಳೆಯನ್ನೇ ನಂಬಿ ಬಿತ್ತುವ ಯಲಬುರ್ಗಾ, ಕುಷ್ಟಗಿಯ ಎರೆಹೊಲದವರಿಗೆ ಆಗ ಉಸ್ತುವಾರಿ ಇದ್ದವರೂ ಇವರೇ. ಮೂರು ತಿಂಗಳಾದ ಮೇಲೆ, 2021ರ ಮಾರ್ಚಿನಲ್ಲಿ, ದೇಶದ ಮುದುಕರೆಲ್ಲ ಆಸ್ಪತ್ರೆಯ ಪಾಳಿಯಲ್ಲಿ ನಿಂತು ಕೊರೊನಾ ಲಸಿಕೆ ಹಾಕಿಸಿಕೊಳ್ಳುತ್ತಿದ್ದಾಗ ಇವರಿಗೆ ಲಸಿಕೆ ಹಿರೇಕೆರೂರಿನ ಮನೆಗೇ ಬಂತು. ಧೈರ್ಯವಂತರ ಮನೆಗೆ ಔಷಧವೂ ನಡೆದುಕೊಂಡು ಬರುತ್ತದೆ. 2023ರಲ್ಲಿ ಅವರೂ ಸೋತರು, ಅದು ಬೇರೆ ಮಾತು.

ಗಡಿಯಾಚೆಯ ಸೊಲ್ಲಾಪುರದ ಸುಶೀಲಕುಮಾರ ಶಿಂದೆಯವರೂ ಹೀಗೇ ಕೆಳಗಿನಿಂದ ಬಂದವರು. ಕೋರ್ಟಿನಲ್ಲಿ ಜವಾನರಾಗಿದ್ದು, ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಆಗಿ, ಕೆಲಸ ಬಿಟ್ಟು ಕಾಂಗ್ರೆಸ್ ಸೇರಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು, 2012ರಲ್ಲಿ ದೇಶದ ಗೃಹಮಂತ್ರಿಯಾದರು. ಒಬ್ಬ ಪಿಎಸ್‌ಐಗೆ ದೇಶದ ಎಲ್ಲ ಐಪಿಎಸ್‌ಗಳು ಸೆಲ್ಯೂಟ್ ಹೊಡೆದ ಎರಡು ವರ್ಷ ಅದು. ಬಿಹಾರದಲ್ಲಿ ಇದರ ಇನ್ನೂ ಸೊಗಸಾದ ಆವೃತ್ತಿ ನಡೆಯಿತು. ಅಲ್ಲಿ ಡಿಜಿಪಿ ಆಗಿದ್ದ ಗುಪ್ತೇಶ್ವರ ಪಾಂಡೆ 2009ರಲ್ಲೊಮ್ಮೆ ಟಿಕೆಟ್ ಆಸೆಗೆ ರಾಜೀನಾಮೆ ಕೊಟ್ಟು, ಟಿಕೆಟ್ ಸಿಗದೆ ಮತ್ತೆ ಸೇವೆಗೆ ಮರಳಿದ್ದರು. 2020ರ ಸೆಪ್ಟೆಂಬರಿನಲ್ಲಿ ಮತ್ತೆ ಸ್ವಯಂ ನಿವೃತ್ತಿ ಪಡೆದು ನಿತೀಶ್ ಕುಮಾರರ ಪಕ್ಷ ಸೇರಿದರು. ಅವರು ಕಣ್ಣಿಟ್ಟಿದ್ದ ಬಕ್ಸರ್ ಕ್ಷೇತ್ರ ಬಿಜೆಪಿ ಪಾಲಾಗಿ, ಟಿಕೆಟ್ ಸಿಕ್ಕಿದ್ದು ಒಬ್ಬ ಮಾಜಿ ಕಾನ್‌ಸ್ಟೆಬಲ್‌ಗೆ! ಡಿಜಿಪಿಯವರು ಈಗ ಪುರಾಣ ಪ್ರವಚನ ಮಾಡುತ್ತಾರೆ. ಕೇಳುವವರು ಎದುರು ಮಾತಾಡದ ಕೆಲಸ ಅದೊಂದೇ ಉಳಿದಿತ್ತು ಅಂತ ಕಾಣುತ್ತದೆ.

ಮೇಲಿನ ಹುದ್ದೆಯವರಲ್ಲಿ ಗೆದ್ದವರು ಎಚ್.ಟಿ. ಸಾಂಗ್ಲಿಯಾನ. ಆದರೆ ಅವರ ಪ್ರಚಾರ ಹದಿನಾಲ್ಕು ವರ್ಷ ಮೊದಲೇ ಮುಗಿದಿತ್ತು. ಶಂಕರನಾಗ್ 1988ರಲ್ಲಿ 'ಸಾಂಗ್ಲಿಯಾನ'ದಲ್ಲಿ, 1990ರಲ್ಲಿ ಅದರ ಎರಡನೇ ಭಾಗದಲ್ಲಿ ಆ ಹೆಸರಿಗೆ ಮೀಸೆ ಹಚ್ಚಿ ಊರೂರು ಸುತ್ತಿಸಿದ್ದರು. ಗಂಗಾವತಿಯ ಟಾಕೀಸಿನಲ್ಲಿ ಸೀಟಿ ಹೊಡೆದವರಿಗೆ ನಿಜವಾದ ಸಾಂಗ್ಲಿಯಾನ ಮಿಜೋರಾಮಿನವರು ಅಂತ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಬಿಜೆಪಿಯಿಂದ ನಿಂತು ಸಿ.ಕೆ. ಜಾಫರ್ ಷರೀಫರಂಥವರನ್ನು ಸೋಲಿಸಿದರು. 2008ರ ಜುಲೈನಲ್ಲಿ ಪಕ್ಷದ ವಿಪ್ ಮೀರಿ ಮನಮೋಹನ ಸಿಂಗ್ ಸರ್ಕಾರದ ಪರ ಮತ ಹಾಕಿದರು, ಉಚ್ಚಾಟನೆಯಾದರು, ಮರುವರ್ಷ ಕಾಂಗ್ರೆಸ್ಸಿನಿಂದ ನಿಂತು ಸೋತರು. ಸಿನಿಮಾ ಒಂದೇ ಚುನಾವಣೆಗೆ ಸಾಕಾಗುವಷ್ಟಿತ್ತು.

ಈಗಿನವರಿಗೆ ಶಂಕರನಾಗ್ ಬೇಕಿಲ್ಲ, ರೀಲ್ಸ್ ಇದೆ. ಹೊಸ ಅಧಿಕಾರಿ ಜಿಲ್ಲೆಗೆ ಬಂದ ಮರುದಿನವೇ 'ಖಡಕ್ ಎಂಟ್ರಿ' ಅಂತ ಮೊಬೈಲಿನಲ್ಲಿ ಬಿಜಿಎಂ ಸಮೇತ ಬರುತ್ತದೆ. ಜೀಪಿನಿಂದ ಇಳಿಯುವ ಬೂಟು, ತಿರುಗುವ ಕತ್ತು, ಸ್ಲೋ ಮೋಷನ್. ಹದಿನೈದು ದಿನ ಓಸಿ ಚೀಟಿ ಬರೆಯುವವರು, ಇಸ್ಪೀಟಿನವರು, ಮರಳಿನ ಟ್ರ್ಯಾಕ್ಟರಿನವರು ಗೌರವಪೂರ್ವಕವಾಗಿ ಮರೆಯಾಗುತ್ತಾರೆ. ಹದಿನಾರನೇ ದಿನ ಎಲ್ಲ ಅವರವರ ಜಾಗಕ್ಕೆ ಬಂದು ಕೂರುತ್ತಾರೆ, ರೀಲ್ಸು ಮಾತ್ರ ಓಡುತ್ತಲೇ ಇರುತ್ತದೆ. ಕೊಪ್ಪಳದ ಕೋಚಿಂಗ್ ಸೆಂಟರಿನ ಹುಡುಗರ ಮೊಬೈಲಿನ ವಾಲ್‌ಪೇಪರಿನಲ್ಲಿ ಮೊದಲು ದೇವರಿದ್ದ, ಆಮೇಲೆ ಹೀರೋ ಇದ್ದ, 2018ರ ಹೊತ್ತಿಗೆ ಕರ್ನಾಟಕದ ಸಿಂಗಂ ಬಂದರು.

ಸಿಂಗಂ ಅಂದರೆ ಕೆ. ಅಣ್ಣಾಮಲೈ. ಉಡುಪಿ, ಚಿಕ್ಕಮಗಳೂರಿನ ಎಸ್‌ಪಿ, ಬೆಂಗಳೂರು ದಕ್ಷಿಣದ ಡಿಸಿಪಿ. 2019ರಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೋದರು, ಮರುವರ್ಷ ಬಿಜೆಪಿ ಸೇರಿದರು, 2021ರಲ್ಲಿ ಅರವಕುರಿಚಿಯಲ್ಲಿ ಸೋತು ಅದೇ ವರ್ಷ ತಮಿಳುನಾಡಿನ ರಾಜ್ಯಾಧ್ಯಕ್ಷರಾದರು, 2024ರಲ್ಲಿ ಕೊಯಮತ್ತೂರಿನಲ್ಲಿ ಲಕ್ಷದ ಮೇಲೆ ಮತಗಳಿಂದ ಸೋತರು. ಆ ಡಿಸೆಂಬರ್ 27ರಂದು ತಮ್ಮ ಮನೆ ಮುಂದೆ, ಅಂಗಿ ಬಿಚ್ಚಿ, ಚಾಟಿ ತೆಗೆದುಕೊಂಡು ತಮಗೆ ತಾವೇ ಬಾರಿಸಿಕೊಂಡರು. ಡಿಎಂಕೆ ಸರ್ಕಾರ ಹೋಗುವ ತನಕ ಚಪ್ಪಲಿ ಮೆಟ್ಟುವುದಿಲ್ಲ ಅಂದರು. ಏಪ್ರಿಲ್‌ನಲ್ಲಿ ಸರ್ಕಾರ ಹೋಗಲಿಲ್ಲ, ಅಧ್ಯಕ್ಷ ಸ್ಥಾನ ಹೋಯಿತು. ಹೊಸ ಅಧ್ಯಕ್ಷರ ಮಾತಿಗೆ ಚಪ್ಪಲಿ ಮೆಟ್ಟಿದರು. ಲಾಠಿ ಹಿಡಿದಿದ್ದ ಕೈ ಚಾಟಿ ಹಿಡಿಯುವುದು ದೊಡ್ಡದಲ್ಲ. ಬೀಳುವ ಬೆನ್ನು ಬದಲಾಯಿತಲ್ಲ, ಅದು ದೊಡ್ಡದು.

ಬೆಂಗಳೂರಿನ ಮಾಜಿ ಕಮಿಷನರ್ ಭಾಸ್ಕರ ರಾವ್ ಇಷ್ಟು ಕಷ್ಟಪಡಲಿಲ್ಲ. 2022ರ ಏಪ್ರಿಲ್‌ನಲ್ಲಿ ಆಮ್ ಆದ್ಮಿ, 2023ರ ಮಾರ್ಚಿನಲ್ಲಿ ಬಿಜೆಪಿ, ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಜಮೀರ್ ಅಹಮದ್ ಖಾನರ ಎದುರು 50,000ಕ್ಕೂ ಹೆಚ್ಚು ಮತಗಳ ಸೋಲು. ಕಮಿಷನರ್ ಹುದ್ದೆಯಲ್ಲಿ ಅವರನ್ನು ಸರ್ಕಾರ ಒಂದು ವರ್ಷ ಇಟ್ಟುಕೊಂಡಿತ್ತು. ಅವರು ಆಮ್ ಆದ್ಮಿಯನ್ನು ಹನ್ನೊಂದು ತಿಂಗಳು ಇಟ್ಟುಕೊಂಡರು. ವರ್ಗಾವಣೆಯ ಅಭ್ಯಾಸ ರಕ್ತದಲ್ಲಿ ಇಳಿದಿರುತ್ತದೆ.

ನಿವೃತ್ತ ಐಪಿಎಸ್ ಅಧಿಕಾರಿಯೊಬ್ಬರು ಬಿಸ್ಕೀಟು ಕಂಪನಿಯಲ್ಲಿ ಕೆಲಸಕ್ಕೆ ಸೇರಬೇಕಾದರೆ ಒಂದು ವರ್ಷ ಕಾಯಬೇಕು, ಇಲ್ಲವೇ ಸರ್ಕಾರದ ಅನುಮತಿ ಬೇಕು. ಹುದ್ದೆಯಲ್ಲಿದ್ದಾಗ ಬಿಸ್ಕೀಟಿಗೆ ಏನಾದರೂ ಉಪಕಾರ ಮಾಡಿರಬಹುದು ಅನ್ನುವ ಭಯ. ಪಕ್ಷ ಸೇರುವುದಕ್ಕೆ ಮಾತ್ರ ಒಂದು ದಿನವೂ ಕಾಯಬೇಕಿಲ್ಲ. ಬೆಳಿಗ್ಗೆ ಟೋಪಿ ತೆಗೆದು ಮಧ್ಯಾಹ್ನ ಶಾಲು ಹೊದ್ದುಕೊಳ್ಳಬಹುದು. ಇದಕ್ಕೂ ಒಂದು ಅವಧಿ ಇರಲಿ ಅಂತ ಚುನಾವಣಾ ಆಯೋಗವೇ ಒಮ್ಮೆ ಕೇಂದ್ರಕ್ಕೆ ಬರೆದಿತ್ತು, ಕೇಂದ್ರ ಒಪ್ಪಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಅದು ಶಾಸಕಾಂಗಕ್ಕೆ ಬಿಟ್ಟ ವಿಷಯ ಅಂದಿತು. ನನಗೂ ಅದೇ ಸರಿ ಅನ್ನಿಸುತ್ತದೆ, ಬೇರೆ ಕಾರಣಕ್ಕೆ. ಕಾಯುವ ಅವಧಿ ಬೇಕಿರುವುದು ಖಾಕಿ ಕಳಚಿದ ಮೇಲೆ ಅಲ್ಲ. ಇನ್‌ಸ್ಪೆಕ್ಟರ್ ಒಬ್ಬರು ನಿಮ್ಮ ತಾಲ್ಲೂಕಿಗೆ ಬರುವುದೇ ಶಾಸಕರ ಲೆಟರಿನ ಮೇಲೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ವರ್ಗಾವಣೆಗೆಂದೇ ಪೊಲೀಸ್ ಎಸ್ಟಾಬ್ಲಿಷ್‌ಮೆಂಟ್ ಬೋರ್ಡು ಬಂತು. ಬೋರ್ಡಿನಲ್ಲಿ ಕೂತವರು ಓದುಬರಹ ಬಲ್ಲವರು, ಹಾಗಾಗಿ ಲೆಟರ್ ಓದುತ್ತಾರೆ. ಹೀಗಿರುವಾಗ ಪೊಲೀಸ್ ಅಧಿಕಾರಿ ರಾಜಕೀಯಕ್ಕೆ ಬಂದರು ಅನ್ನುವುದು, ಮೀನು ಕೆರೆಗೆ ಬಿತ್ತು ಅಂತ ಪೇಪರಿನಲ್ಲಿ ಹಾಕಿದ ಹಾಗೆ.

ಇಲ್ಲಿ ನಗುವುದಕ್ಕೆ ಬಾರದ ಒಂದು ಸಂಗತಿ ಇದೆ. 2014ರ ಆಗಸ್ಟ್ 28ರಂದು ಗಂಗಾವತಿಯ ಚಿತ್ರಮಂದಿರದಲ್ಲಿ ಪುನೀತ್ ರಾಜಕುಮಾರರ 'ಪವರ್' ಬಿಡುಗಡೆಯಾಗಿತ್ತು. ಅದರ ನಾಯಕ ಪೊಲೀಸ್ ಅಧಿಕಾರಿ. ಅಲ್ಲಿ ಶುರುವಾದ ಜಗಳ ತಾಲ್ಲೂಕಿನ ಮರಕುಂಬಿಗೆ ಹೋಗಿ ದಲಿತರ ಮೇಲೆ ಹಲ್ಲೆಯಾಯಿತು, ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದು, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೈಕೋರ್ಟಿನಲ್ಲಿದೆ, ಹೆಚ್ಚಿನವರಿಗೆ ಜಾಮೀನೂ ಸಿಕ್ಕಿದೆ. ಅದಿರಲಿ. ನೂರಕ್ಕೂ ಹೆಚ್ಚು ಆರೋಪಿಗಳ ಹೆಸರು, ವಯಸ್ಸು, ಯಾರ ಕೈಯಲ್ಲಿ ಏನಿತ್ತು ಅನ್ನುವುದನ್ನೆಲ್ಲ ಒಬ್ಬ ತನಿಖಾಧಿಕಾರಿ ಕೂತು ಬರೆದಿರಬೇಕು. ಹತ್ತು ವರ್ಷ ಸಾಕ್ಷಿಗಳು ಊರಿನಲ್ಲೇ ಬದುಕಿ ಕಟಕಟೆಗೆ ಬಂದಿರಬೇಕು. ಒಬ್ಬೊಬ್ಬ ಕೋರ್ಟ್ ಕಾನ್‌ಸ್ಟೆಬಲ್ ಸಮನ್ಸ್ ಹಿಡಿದು ಆ ಕೇರಿಗೆ ಎಷ್ಟು ಸಲ ಹೋಗಿರಬೇಕು! ಅವರಲ್ಲಿ ಒಬ್ಬರ ಹೆಸರೂ ಗಂಗಾವತಿಯ ಯಾವ ಫ್ಲೆಕ್ಸಿನಲ್ಲೂ ಕಾಣಲಿಲ್ಲ. ಯಾವ ಪಕ್ಷವೂ ಅವರಿಗೆ ಟಿಕೆಟ್ ಹಿಡಿದು ಮನೆ ಹುಡುಕಿಕೊಂಡು ಹೋಗಲಿಲ್ಲ. ಆ ಕೆಲಸಕ್ಕೆ ಬಿಜಿಎಂ ಹಾಕಲು ಬರುವುದಿಲ್ಲ. ಇತ್ತ 'ಪವರ್' ಇದೆಯಲ್ಲ, ಅದು ತೆಲುಗಿನ 'ದೂಕುಡು' ಚಿತ್ರದ ರೀಮೇಕ್. ಆ ಕಥೆಯಲ್ಲಿ ಪೊಲೀಸ್ ನಾಯಕ ಹಾಸಿಗೆ ಹಿಡಿದ ಅಪ್ಪನ ಮುಂದೆ ತಾನು ಎಂಎಲ್‌ಎ ಆಗಿದ್ದೇನೆ ಅಂತ ನಾಟಕ ಆಡುತ್ತಾನೆ. ಕಥೆ ಬರೆದವರು ನಮ್ಮನ್ನು ಬಲ್ಲವರು.

ಓಟಿನ ಈ ರಗಳೆಯೇ ಇಲ್ಲದ ಊರುಗಳೂ ಇವೆ. ಹಾಂಗ್‌ಕಾಂಗಿನ ಜಾನ್ ಲೀ 1977ರಲ್ಲಿ ತರಬೇತಿ ಇನ್‌ಸ್ಪೆಕ್ಟರ್ ಆಗಿ ಪೊಲೀಸ್ ಸೇರಿ ಡೆಪ್ಯುಟಿ ಕಮಿಷನರ್ ತನಕ ಹೋದವರು. ಆಮೇಲೆ ಭದ್ರತಾ ಕಾರ್ಯದರ್ಶಿ, ಆಮೇಲೆ ಮುಖ್ಯ ಕಾರ್ಯದರ್ಶಿ. 2022ರ ಮೇ 8ರಂದು ಅಲ್ಲಿನ ಆಡಳಿತದ ಮುಖ್ಯಸ್ಥರಾಗಿ ಆಯ್ಕೆಯಾದರು. ಹುರಿಯಾಳು ಒಬ್ಬರೇ. ಮತದಾರರು 1,500ರ ಒಳಗೆ. ಪರ 1,416, ವಿರುದ್ಧ 8. ಕೊಪ್ಪಳದಲ್ಲಿ ಒಂದು ಗ್ರಾಮ ಪಂಚಾಯ್ತಿ ಸೀಟು ಅವಿರೋಧ ಆಗಬೇಕಾದರೂ ಗುಡಿ ಕಟ್ಟೆಯ ಮೇಲೆ ರಾತ್ರಿಯಿಡೀ ಮಾತುಕತೆ ಆಗಬೇಕು, ಗುಡಿ ಜೀರ್ಣೋದ್ಧಾರಕ್ಕೆ ಇಷ್ಟು ಅಂತ ಹರಾಜು ಕೂಗಬೇಕು, ಅಷ್ಟಾದರೂ ಕೊನೆ ಗಳಿಗೆಗೆ ಒಬ್ಬ ಅಳಿಯ ನಾಮಿನೇಷನ್ ಹಾಕಿರುತ್ತಾನೆ. ಅಲ್ಲಿ ಎಂಟು ಜನ ಅಳಿಯಂದಿರು ಇದ್ದರು ಅನ್ನುವುದೇ ನನಗೆ ಆಶ್ಚರ್ಯ.

ಚೀನಾದ ಮುಖ್ಯ ಭೂಭಾಗದಲ್ಲಿ ಇಳಿಜಾರೂ ಅಷ್ಟೇ ನುಣುಪು. ವಾಂಗ್ ಲಿಜುನ್ ಅಂತ ಚೋಂಗ್‌ಕಿಂಗ್ ನಗರದ ಪೊಲೀಸ್ ಮುಖ್ಯಸ್ಥ. ಮಹಾ ಖಡಕ್. ಅವರ ಸಾಹಸದ ಮೇಲೆ ಟೀವಿ ಧಾರಾವಾಹಿಯೇ ಬಂದಿತ್ತು. ನಗರದ ಪಕ್ಷದ ಮುಖ್ಯಸ್ಥ ಬೊ ಕ್ಸಿಲೈ ಅವರ ಬಲಗೈ, ಉಪಮೇಯರ್ ಬೇರೆ. 2012ರ ಫೆಬ್ರುವರಿಯಲ್ಲಿ ಯಜಮಾನರ ಜೊತೆ ಕೆಟ್ಟಿತು. ಪೊಲೀಸ್ ಖಾತೆ ಕಿತ್ತುಕೊಂಡು ಶಿಕ್ಷಣ, ಸಂಸ್ಕೃತಿ ಕೊಟ್ಟರು. ಸಂಸ್ಕೃತಿ ಕೈಗೆ ಬಂದದ್ದೇ ತಡ, ಸಾಹೇಬರು ಹೆದರಿ ಚೆಂಗ್ಡುವಿನ ಅಮೆರಿಕನ್ ದೂತಾವಾಸದೊಳಗೆ ಓಡಿದರು. ಸರ್ಕಾರ ಹೊರಡಿಸಿದ ಪ್ರಕಟಣೆ ಏನು ಗೊತ್ತೇ? ಕೆಲಸದ ಒತ್ತಡದಿಂದ ಬಳಲಿದ ಅವರು ರಜೆಯ ರೂಪದ ಚಿಕಿತ್ಸೆ ಪಡೆಯುತ್ತಿದ್ದಾರೆ ಅಂತ. ಸೆಪ್ಟೆಂಬರಿನಲ್ಲಿ ಆ ಚಿಕಿತ್ಸೆಯನ್ನು 15 ವರ್ಷಕ್ಕೆ ವಿಸ್ತರಿಸಿದರು. ಮರುವರ್ಷ ಯಜಮಾನರಿಗೂ ಜೀವಾವಧಿ. ಬೆಂಗಳೂರಿನ ಸರ್ಕಾರಗಳು ಇನ್ನೂ 'ಹುದ್ದೆ ತೋರಿಸದೆ ವರ್ಗ' ಎಂಬ ಹಳೇ ಔಷಧದಲ್ಲೇ ಇವೆ. ಗುಣವಾಗುವ ತನಕ ಅಧಿಕಾರಿ ಮನೆಯಲ್ಲಿ ಕೂತು ಪಕ್ಷಗಳ ಪಟ್ಟಿ ನೋಡುತ್ತಿರುತ್ತಾರೆ. ನಾವು ಇನ್ನೂ ಸುಧಾರಿಸಬೇಕು.

ಇತ್ತ ಹೈದರಾಬಾದಿನಲ್ಲಿ ಜೆಡಿ ಲಕ್ಷ್ಮೀನಾರಾಯಣ ಸಾಹೇಬರ ಹಳೆಯ ಕಾಗದಗಳು ಅವರು ಕೆಲಸ ಬಿಟ್ಟ ಮೇಲೂ ಡ್ಯೂಟಿ ಮಾಡುತ್ತಿದ್ದವು. ಹಾಂ, ಜೆಡಿ ಅಂದರೆ ಜಾಯಿಂಟ್ ಡೈರೆಕ್ಟರ್. ಹುದ್ದೆ ಬಿಟ್ಟರೂ ಜನ ಹೆಸರಿನಿಂದ ಬಿಡಿಸಿಲ್ಲ. ಅವರು ಠೇವಣಿ ಕಳೆದುಕೊಂಡ ಸುಮಾರು ಒಂದು ವರ್ಷಕ್ಕೆ, 2025ರ ಮೇ 6ರಂದು, ಓಬಳಾಪುರಂ ಗಣಿ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ ಗಂಗಾವತಿಯ ಶಾಸಕರಿಗೆ ಏಳು ವರ್ಷದ ಶಿಕ್ಷೆ ಕೊಟ್ಟಿತು. ಪೊಲೀಸಿನವರಾಗಿ ಮಾಡಿದ ಕೆಲಸ ಹದಿಮೂರು ವರ್ಷಕ್ಕೆ ಗೆದ್ದಿತು, ರಾಜಕಾರಣಿಯಾಗಿ ಮಾಡಿದ್ದು ಎರಡೆರಡು ಸಲ ಸೋತಿತ್ತು. ಶಾಸಕ ಸ್ಥಾನ ಅನರ್ಹವಾಯಿತು. ಗಂಗಾವತಿಯ ಹೋಟೆಲುಗಳಲ್ಲಿ ಉಪಚುನಾವಣೆಯ ಮಾತು ಇಡ್ಲಿಗಿಂತ ಮುಂಚೆ ಬೇಯತೊಡಗಿತು. ರೈಸ್ ಮಿಲ್ಲಿನವರ ಹೆಸರು ಬಂತು, ಹಳೇ ಶಾಸಕರ ಹೆಸರು ಬಂತು, ಅವರ ಮಕ್ಕಳ, ತಮ್ಮಂದಿರ ಹೆಸರು ಬಂತು. ನಮ್ಮಿಂದ ಶಾಸಕರನ್ನು ಕಿತ್ತುಕೊಂಡ ಆ ಆಂಧ್ರದ ಸಾಹೇಬರನ್ನೇ ಒಮ್ಮೆ ನಿಲ್ಲಿಸಿ ನೋಡಿದರೆ ಹೇಗೆ ಅಂತ ಒಬ್ಬರಾದರೂ ಕೇಳಬೇಕೇ? ಇಲ್ಲ. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಶಾಸಕ ಸ್ಥಾನ ಮರಳಿತು, ಪಿಎಯ ಫೋನು ಮತ್ತೆ ಎಂಗೇಜ್ ಬರತೊಡಗಿತು.